ಹಿತ್ತಲ ಮುತ್ತುಗ, ನೀಲಿ ನೆರಳು

ಶಿವರಾತ್ರಿ ಕಳೆದಿತ್ತು. ರಜೆ ಇದ್ದ ಒಂದು ದಿನ ಮೊಮ್ಮಗಳ ಜೊತೆ ಹಾವೇರಿಯಲ್ಲಿ ರೈಲು ಹತ್ತಿದೆ. ರಾಣೆಬೆನ್ನೂರಿನ ನನ್ನ ತಂಗಿಯ ಹಿತ್ತಲಲ್ಲಿ ಮುತ್ತುಗ ಹೂಬಿಟ್ಟಿತ್ತು. ಆ ತೋಟವನ್ನು ಬಣ್ಣದಲ್ಲಿ ಬರೆಯಲು ಅವಳಿಗೆ ಕಲಿಸಬೇಕಿತ್ತು. ನಾನು ನಿವೃತ್ತ ಡ್ರಾಯಿಂಗ್ ಮಾಸ್ತರ. ಮುಂದಿನ ವಾರವೇ ನನ್ನ ಕಣ್ಣಿನ ಪೊರೆಯ ಆಪರೇಷನ್. ಹೆಚ್ಚುಕಡಿಮೆಯಾದರೆ ಬಣ್ಣಗಳ ಗತಿಯೇನು ಎಂಬ ಅಂಜಿಕೆಯನ್ನು ಯಾರಿಗೂ ಹೇಳಿರಲಿಲ್ಲ.

ನಡುವೆ ಬ್ಯಾಡಗಿಯಲ್ಲಿ ಇಳಿದೆವು. ಎಲ್ಲಿ ನೋಡಿದರೂ ಮೆಣಸಿನಕಾಯಿ. ಇಬ್ಬರಿಗೂ ಸೀನೋ ಸೀನು! ದಪ್ಪಗಿರುವುದು ಡಬ್ಬಿ, ಉದ್ದಗೆ ಸಣ್ಣಗಿರುವುದು ಕಡ್ಡಿ. ಖಾರ ಕಡಿಮೆ, ಬಣ್ಣ ಹೆಚ್ಚು ಎಂಬುದೇ ಇದರ ಹೆಸರುವಾಸಿ. 2011ರಲ್ಲಿ ಇದಕ್ಕೆ ಜಿಐ ಮಾನ್ಯತೆಯೂ ಸಿಕ್ಕಿತು.

"ಅಜ್ಜಾ, ಕೆಂಪು ಒಂದ ಅಲ್ಲ ನೋಡು. ಬಿಸಲಾಗ ಬ್ಯಾರೆ, ನೆಳ್ಳಾಗ ಬ್ಯಾರೆ" ಎಂದಳು. ಅರ್ಧ ಪಾಠ ಅಲ್ಲೇ ಮುಗಿಯಿತು.

ಹಿತ್ತಲಲ್ಲಿ ಕೂತವಳೇ ಮರಕ್ಕೆ ಹಸಿರು ಎಲೆ ಬರೆಯತೊಡಗಿದಳು. "ಮೊದಲ ನೋಡವ್ವಾ, ಆಮ್ಯಾಲೆ ಬರಿ" ಎಂದೆ. ಹೂ ತುಂಬಿದ ಮುತ್ತುಗದಲ್ಲಿ ಎಲೆಯೇ ಇರಲಿಲ್ಲ! ಗಿಣಿಯ ಕೊಕ್ಕಿನಂಥ ಕೇಸರಿ ಹೂ, ಅದರ ಬುಡದಲ್ಲಿ ಕಪ್ಪುಗಂದು ತೊಟ್ಟಿಲು.

ಮಕ್ಕಳೇ, ನೀವೂ ಹೀಗೆ ಮಾಡಿ. ಪೆನ್ಸಿಲ್ ಗೆರೆ ತೆಳುವಾಗಿರಲಿ. ನೀರು ಹೆಚ್ಚು ಬೆರೆಸಿ ಮೊದಲು ಆಕಾಶ ಬಳಿಯಿರಿ. ದೂರದ ಗಿಡಗಳು ಮಸುಕಾಗಿರಲಿ, ಹತ್ತಿರದವು ಗಾಢವಾಗಿರಲಿ. ಕೇಸರಿ ಒಣಗಿದ ಮೇಲೆಯೇ ಕಪ್ಪುಗಂದು ಚುಕ್ಕೆ ಇಡಿ. ಅವಸರಪಟ್ಟರೆ ಎರಡೂ ಕಲೆಸಿ ಕೆಸರಾಗುತ್ತದೆ.

ಕೊನೆಗೆ ಮರದ ನೆರಳು ಉಳಿಯಿತು. "ಕಂದು ಹಾಕು" ಎಂದೆ. ಅವಳು ನೀಲಿಯಲ್ಲಿ ಕುಂಚ ಅದ್ದಿದಳು.

"ನೆಳ್ಳು ಎಲ್ಲೆರ ನೀಲಿ ಇರ್ತದೇನು?"

"ನನಗ ನೀಲಿನ ಕಾಣಸ್ತದ ಅಜ್ಜಾ. ನೋಡಿ ಬರಿ ಅಂದಾಂವ ನೀನ!"

ಸುಮ್ಮನಾದೆ. ಮನಸ್ಸು ಮಾತ್ರ ಒಪ್ಪಲಿಲ್ಲ.

ಆಪರೇಷನ್ ಚೆನ್ನಾಗಿ ಆಯಿತು. ಪಟ್ಟಿ ಬಿಚ್ಚಿದ ಮರುದಿನ ಅಂಗಳಕ್ಕೆ ಬಂದೆ. ಬೇವಿನ ಮರದ ನೆರಳು ನೆಲದ ಮೇಲೆ ಚಾಚಿತ್ತು. ಅದರಲ್ಲಿ ತಿಳಿ ನೀಲಿ! ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಯಾಗಿ ನೀಲಿಯನ್ನು ತಡೆಯುತ್ತದೆಂದು ಡಾಕ್ಟರು ತಿಳಿಸಿದರು. ಎಷ್ಟು ವರ್ಷದಿಂದ ನಾನು ಮಕ್ಕಳಿಗೆ ಕಂದು ನೆರಳು ಹಾಕಿಸಿದ್ದೆನೋ!

ಸಂಜೆ ಶಾಲೆಯಿಂದ ಬಂದ ಮೊಮ್ಮಗಳಿಗೆ ಹೇಳಿದೆ: "ನೀ ಅಂದದ್ದ ಖರೆ ನೋಡವ್ವಾ. ಕುಂಚ ತಗೊಂಡು ಬಾ, ಇನ್ನ ನೀ ನನಗ ಕಲಸು."