ಹಾಡುವ ವಿದ್ಯೆ, ತೋರುವ ಧನ

1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಯಕ್ಷಗಾನ ಮಂಡಳಿಯನ್ನು ಕಟ್ಟಿದ ಹೊನ್ನಾವರದ ನೆಲದಲ್ಲಿ ಗಾನವಿದ್ಯೆಗೆ ಗೌರವವುಂಟು. ಭಟ್ಕಳ, ಕುಮಟಾಗಳ ತರುಣರು ಸಂಗೀತದ ಪದವಿಗಾಗಿ ಇಂಗ್ಲೆಂಡಿಗೆ ತೆರಳಬಯಸಿದರೆ ಅದು ಹರ್ಷದ ಸಂಗತಿಯೇ.

ಆದರೆ ಅಲ್ಲಿನ ನಿಯಮಗಳನ್ನು ಪಾಲಕರು ಮೊದಲೇ ಅರಿಯತಕ್ಕದ್ದು. ಪದವಿಯ ಅವಧಿ ಸಾಮಾನ್ಯವಾಗಿ 3 ವರ್ಷ. ಪರದೇಶದ ವಿದ್ಯಾರ್ಥಿ ತೆರುವ ಶುಲ್ಕ ಅಲ್ಲಿನವರದಕ್ಕಿಂತ ಬಹಳ ಹೆಚ್ಚು. ಓದಿನ ದಿನಗಳಲ್ಲಿ ವಾರಕ್ಕೆ 20 ಗಂಟೆ ಮಾತ್ರ ದುಡಿಯಬಹುದು. ಅದರಲ್ಲಿಯೂ ವೃತ್ತಿಗಾಯಕನಾಗಿ ಕಛೇರಿ ನಡೆಸಿ ಸಂಪಾದಿಸಲು ವಿದ್ಯಾರ್ಥಿ ವೀಸಾ ಅನುಮತಿಸದು. ಆದುದರಿಂದ ಹಾಡಿ ಸಾಲ ತೀರಿಸುವೆನೆಂಬ ಎಣಿಕೆ ಓದು ಮುಗಿಯುವವರೆಗೆ ಸಲ್ಲದು.

ವೀಸಾಕ್ಕೆ ಅಗತ್ಯವಾದ ಹಣ ಖಾತೆಯಲ್ಲಿ ಸತತ 28 ದಿನ ಇರಬೇಕು. ಅಷ್ಟು ದಿನಕ್ಕೆಂದು ಬಂಧುಗಳಿಂದ ಕೈಗಡ ತಂದು, ತನ್ನದೆಂದು ತೋರಿಸಿ, ಬಳಿಕ ಹಿಂದಿರುಗಿಸುವುದು ವ್ಯವಹಾರಚಾತುರ್ಯವಲ್ಲ. ಉಮಾಸ್ವಾತಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಸತ್ಯಾಣುವ್ರತದ ಅತಿಚಾರಗಳನ್ನು ಎಣಿಸುವಾಗ ಕೂಟಲೇಖಕ್ರಿಯೆಯನ್ನೂ, ಎಂದರೆ ಸುಳ್ಳು ಬರಹವನ್ನೂ ಸೇರಿಸಿದ್ದಾರೆ. ಅದರ ಫಲವನ್ನು ಉಣ್ಣುವವನು ಪರದೇಶದಲ್ಲಿ ಹಣವಿಲ್ಲದೆ ಒಂಟಿಯಾಗುವ ಮಗನೇ. ಮಾನ್ಯ ಬ್ಯಾಂಕಿನ ಶಿಕ್ಷಣಸಾಲದ ಪತ್ರವನ್ನು ಒಪ್ಪುವ ನೇರ ದಾರಿ ಇರುವಾಗ ಕಪಟವೇಕೆ?

ಬಸದಿಯ ಟ್ರಸ್ಟುಗಳು ಹೊರಡುವವನಿಗೆ ಶಾಲು ಹೊದಿಸುವುದಕ್ಕೆ ಮೊದಲು ಅವನ ಮನೆಯ ಆಯವ್ಯಯವನ್ನು ವಿಚಾರಿಸಲಿ. ಕೊರತೆಯಿದ್ದಲ್ಲಿ ಹಿಂದಿರುಗಿ ಕೇಳದ ದಾನದಿಂದ ತುಂಬಲಿ. ಅದು ಸಾಧ್ಯವಾಗದಿದ್ದರೆ, ಒಂದು ವರ್ಷ ತಡೆದು ಹೊರಡೆಂದು ಹೇಳುವುದೂ ಹಿತವಚನವೇ.