ಹೆಣ್ಣುಮಕ್ಕಳೂ ಲೆಕ್ಕವೂ

ಹೆಣ್ಣುಮಕ್ಕಳ ತಲೆಗೆ ಲೆಕ್ಕ ಹತ್ತದೆಂಬ ಮಾತು ನಮ್ಮ ವಿದ್ಯಾವಂತ ಮನೆಗಳಲ್ಲಿಯೂ ಇನ್ನೂ ಉಳಿದುಕೊಂಡಿದೆ. ಇದನ್ನು ಯಾರೂ ವಾದಮಾಡಿ ಸಾಧಿಸಿದವರಲ್ಲ. ಗಾದೆಯ ಹಾಗೆ ಬಾಯಿಂದ ಬಾಯಿಗೆ ನಡೆದುಬಂದಿದೆ, ಅಷ್ಟೆ. ಹೀಗೆ ಹೇಳುವ ಮನೆಯಲ್ಲಿಯೇ ಹಾಲಿನ ಲೆಕ್ಕ, ಚೀಟಿಯ ಲೆಕ್ಕ, ಹಬ್ಬದ ಖರ್ಚಿನ ಲೆಕ್ಕ ಎಲ್ಲವನ್ನೂ ಇಟ್ಟು ಒಪ್ಪಿಸುವವರು ಹೆಂಗಸರೇ ಎಂಬುದು ಮಾತ್ರ ಯಾರ ಗಮನಕ್ಕೂ ಬರುವುದಿಲ್ಲ. ನಮ್ಮ ಸೋದರತ್ತೆಯವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆದರೂ ಮುನ್ನೂರು ಎಲೆಯ ಊಟಕ್ಕೆ ಎಷ್ಟು ಸೇರು ಬೇಳೆ ಬೇಕೆಂಬುದನ್ನು ನಿಂತಲ್ಲಿಯೇ ಹೇಳುತ್ತಿದ್ದರು. ಅಡಿಗೆಯವರು ಆ ಮಾತನ್ನು ಮೀರುತ್ತಿರಲಿಲ್ಲ. ಅದನ್ನು ಯಾರೂ ಗಣಿತವೆಂದು ಕರೆಯಲಿಲ್ಲ.

ಈ ವಿಷಯವನ್ನು ಈಗ ಎತ್ತಿಕೊಳ್ಳಲು ಕಾರಣವುಂಟು. ನನ್ನ ಮೊಮ್ಮಗಳಿಗೆ ಹದಿನೈದು ತುಂಬಿದೆ. ಹತ್ತನೆಯ ತರಗತಿಯನ್ನು ಮುಗಿಸುವವಳಿದ್ದಾಳೆ. ಮೊನ್ನೆ, “ಅಜ್ಜ, ಪಿಯುಸಿಯಲ್ಲಿ ನನಗೆ ಗಣಿತ ಬೇಡ” ಎಂದಳು. “ನಿನಗೆ ಒಳ್ಳೆಯ ಅಂಕಗಳು ಬಂದಿವೆಯಲ್ಲಮ್ಮ?” ಎಂದು ಕೇಳಿದೆ. “ಅದು ಅಭ್ಯಾಸ ಮಾಡಿದ್ದರಿಂದ ಬಂತು. ನಿಜವಾಗಿ ಲೆಕ್ಕ ಬರುವುದು ಅಣ್ಣನಿಗೆ” ಎಂದಳು. ಆ ಅಣ್ಣನು ಅದೇ ತರಗತಿಯಲ್ಲಿ ಪಡೆದ ಅಂಕಗಳು ಇವಳವುಗಳಿಗಿಂತ ಕಡಿಮೆ! ಅವನು ಅಭ್ಯಾಸಮಾಡದೆ ಪಡೆದುದು ಬುದ್ಧಿ. ಇವಳು ದುಡಿದು ಪಡೆದುದು ಬುದ್ಧಿಯಲ್ಲ. ಈ ನ್ಯಾಯವನ್ನು ಮಗುವಿಗೆ ಕಲಿಸಿದವರು ಯಾರು? ಈ ವಯಸ್ಸಿನಲ್ಲಿ ಗಣಿತವನ್ನು ಬಿಟ್ಟರೆ ಎಂಜಿನಿಯರಿಂಗ್, ಭೌತವಿಜ್ಞಾನಗಳ ಬಾಗಿಲು ಬಹುಮಟ್ಟಿಗೆ ಮುಚ್ಚಿದಂತೆಯೇ.

ಹದಿನೈದು ವರ್ಷವೆಂಬುದು ಈ ವಿಷಯದಲ್ಲಿ ಲೋಕವೆಲ್ಲ ಗಮನಿಸುತ್ತಿರುವ ವಯಸ್ಸು. ಓಇಸಿಡಿ ಎಂಬ ರಾಷ್ಟ್ರಗಳ ಸಂಸ್ಥೆಯು 2000ದಿಂದ ಆ ವಯಸ್ಸಿನ ವಿದ್ಯಾರ್ಥಿಗಳಿಗೆ ಪಿಸಾ ಎಂಬ ಪರೀಕ್ಷೆಯನ್ನು ನಡೆಸುತ್ತ ಬಂದಿದೆ. 2022ರಲ್ಲಿ 81 ದೇಶಪ್ರದೇಶಗಳ ಸುಮಾರು 6,90,000 ಮಕ್ಕಳು ಅದಕ್ಕೆ ಕುಳಿತಿದ್ದರು. ಗಣಿತದಲ್ಲಿ ಆ ಸಂಸ್ಥೆಯ ದೇಶಗಳ ಸರಾಸರಿಯನ್ನು ನೋಡಿದರೆ ಬಾಲಕರು ಬಾಲಿಕೆಯರಿಗಿಂತ 9 ಅಂಕ ಮುಂದು. ಅತ್ಯುತ್ತಮ ಶ್ರೇಣಿಯಲ್ಲಿಯೂ ಬಾಲಕರೇ ಹೆಚ್ಚು. ಇದನ್ನು ಮರೆಮಾಚಬೇಕಾದ ಅಗತ್ಯವಿಲ್ಲ. ಗಾದೆ ನಿಜವಾಯಿತೆಂದು ಸಂತೋಷಪಡುವವರು ಮಾತ್ರ ಮುಂದಿನ ಸಾಲನ್ನೂ ಓದಬೇಕು. ಬಾಲಕರು ಮುಂದಾದುದು 40 ಕಡೆಗಳಲ್ಲಿ. 17 ಕಡೆಗಳಲ್ಲಿ ಬಾಲಿಕೆಯರೇ ಮುಂದು. ಉಳಿದೆಡೆ ಗಣನೀಯವಾದ ಅಂತರವಿಲ್ಲ. ಸಿಂಗಪುರದ ಸರಾಸರಿ 575, ಓಇಸಿಡಿಯದು 472. ಗಂಡು ಹೆಣ್ಣುಗಳ ನಡುವೆ ಒಂಬತ್ತು. ಒಂದು ದೇಶದ ಪಾಠಕ್ರಮಕ್ಕೂ ಉಳಿದವುಗಳ ಸರಾಸರಿಗೂ ನಡುವೆ ನೂರಕ್ಕೆ ಮಿಗಿಲು. ಗಣಿತವು ಹುಟ್ಟಿನಿಂದ ಬರುವುದಕ್ಕಿಂತ ಕಲಿಸುವುದರಿಂದ ಬರುವುದೇ ಹೆಚ್ಚೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

2003ರ ಪಿಸಾ ಪರೀಕ್ಷೆಯಲ್ಲಿ ಐಸ್‌ಲೆಂಡಿನ ಬಾಲಿಕೆಯರು ಬಾಲಕರನ್ನು ಸ್ಪಷ್ಟವಾಗಿ ಹಿಂದಿಕ್ಕಿದರು. ಟಿಮ್ಸ್ ಎಂಬ ಮತ್ತೊಂದು ಅಂತರರಾಷ್ಟ್ರೀಯ ಪರೀಕ್ಷೆಯಲ್ಲಿ, 2019ರಲ್ಲಿ, ಓಮಾನ್ ಮತ್ತು ಬಹರೈನ್‌ಗಳ ಎಂಟನೆಯ ತರಗತಿಯ ಬಾಲಿಕೆಯರೂ ಹಾಗೆಯೇ ಮುಂದಾದರು. ಅಲ್ಲಿ ಹಿಂದೆ ಬಿದ್ದ ಬಾಲಕರನ್ನು ಕಂಡು, ಗಂಡಿಗೆ ಲೆಕ್ಕ ಬಾರದೆಂದು ಯಾರೂ ಗಾದೆ ಕಟ್ಟಲಿಲ್ಲ. ಅವರ ಓದಿನಲ್ಲಿ ಏನೋ ಕೊರತೆಯಿದೆ, ಸರಿಪಡಿಸಬೇಕು ಎಂದೇ ಯಾರಾದರೂ ಹೇಳುವರು. ಅದೇ ನ್ಯಾಯ ನಮ್ಮ ಹುಡುಗಿಯರಿಗೂ ಸಲ್ಲಬೇಕಷ್ಟೆ.

ಹಾಗಾದರೆ ಅಂತರವಿದ್ದಲ್ಲಿ ಅದರ ಮೂಲವೇನು? 2012ರ ಪರೀಕ್ಷೆಯ ಜೊತೆಯಲ್ಲಿ ಮಕ್ಕಳ ಮನೋಭಾವವನ್ನೂ ವಿಚಾರಿಸಿದ್ದರು. ಲೆಕ್ಕದ ಮುಂದೆ ಭಯವಾಗುತ್ತದೆ, ಕೈ ಸಾಗುವುದಿಲ್ಲ ಎಂದವರಲ್ಲಿ ಹುಡುಗಿಯರೇ ಹೆಚ್ಚು. ಒಂದೇ ಪ್ರಮಾಣದ ಆತ್ಮವಿಶ್ವಾಸವೂ ಒಂದೇ ಪ್ರಮಾಣದ ಭಯವೂ ಉಳ್ಳ ಹುಡುಗ ಹುಡುಗಿಯರನ್ನು ಹೋಲಿಸಿದಾಗ ಅಂಕಗಳ ಅಂತರ ಅಳಿಸಿಹೋಗುವುದೆಂದು 2015ರಲ್ಲಿ ಆ ಸಂಸ್ಥೆಯೇ ಪ್ರಕಟಿಸಿತು. ಹಿಂದೆ ಬಿದ್ದುದರಿಂದ ಭಯವೋ, ಭಯದಿಂದ ಹಿಂದೆ ಬಿದ್ದುದೋ ಎಂದು ತರ್ಕಿಸುವವರು ತರ್ಕಿಸಲಿ. ಎರಡೂ ಒಂದನ್ನೊಂದು ಬೆಳೆಸುತ್ತವೆಂದು ನನಗೆ ತೋರುತ್ತದೆ. ತಂದೆತಾಯಿಗಳನ್ನು ವಿಚಾರಿಸಿದ ದೇಶಗಳಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. ಮಗನೂ ಮಗಳೂ ಸಮಾನ ಅಂಕ ಪಡೆದವರಾದರೂ ವಿಜ್ಞಾನ, ಎಂಜಿನಿಯರಿಂಗ್, ಗಣಿತಗಳ ಉದ್ಯೋಗವನ್ನು ಅವರು ನಿರೀಕ್ಷಿಸಿದ್ದು ಹೆಚ್ಚಾಗಿ ಮಗನಿಂದ.

ನಮ್ಮ ದೇಶದಿಂದ ಹಿಮಾಚಲ ಪ್ರದೇಶವೂ ತಮಿಳುನಾಡೂ 2009ರ ಸುತ್ತಿನ ಮುಂದುವರಿಕೆಯಲ್ಲಿ ಪಿಸಾದಲ್ಲಿ ಭಾಗವಹಿಸಿ ಪಟ್ಟಿಯ ಕೊನೆಯಲ್ಲಿ ನಿಂತವು. ಬಳಿಕ 2022ರವರೆಗಿನ ಯಾವ ಸುತ್ತಿಗೂ ಭಾರತವು ಸೇರಲಿಲ್ಲ. ಆದುದರಿಂದ ಕನ್ನಡನಾಡಿನ ಹುಡುಗಿಯರನ್ನು ಆ ತಕ್ಕಡಿಯಲ್ಲಿ ತೂಗಿದ್ದಿಲ್ಲ. ತೂಗದೆಯೇ ಹಗುರವೆಂದು ತೀರ್ಮಾನಿಸುವ ಅಧಿಕಾರ ನಮಗೆಲ್ಲಿಂದ ಬಂತು?

ಎಳೆಯ ವಯಸ್ಸಿನಲ್ಲಿ ಒಂದು ಮಾತಿನ ಭಾರ ಎಷ್ಟೆಂಬುದಕ್ಕೆ ಇರಾನಿನ ಮರ್ಯಮ್ ಮಿರ್ಜಾಖಾನಿಯವರ ಬಾಳೇ ನಿದರ್ಶನ. ಮಾಧ್ಯಮಿಕ ಶಾಲೆಯ ಮೊದಲ ವರ್ಷ ಉಪಾಧ್ಯಾಯರೊಬ್ಬರಿಗೆ ತಮ್ಮಲ್ಲಿ ವಿಶೇಷ ಶಕ್ತಿ ಕಾಣದೆಹೋದುದರಿಂದ ಗಣಿತದಲ್ಲಿ ಆಸಕ್ತಿಯೇ ಕುಗ್ಗಿತೆಂದು ಅವರೇ ಹೇಳಿಕೊಂಡಿದ್ದಾರೆ. ಮರುವರ್ಷ ಪ್ರೋತ್ಸಾಹ ಕೊಡುವ ಉಪಾಧ್ಯಾಯರು ದೊರೆತರು. 1994ರಲ್ಲಿಯೂ 1995ರಲ್ಲಿಯೂ ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡಿನಲ್ಲಿ ಚಿನ್ನದ ಪದಕ ಪಡೆದ ಅವರು 2014ರಲ್ಲಿ ಫೀಲ್ಡ್ಸ್ ಪದಕ ಗಳಿಸಿದ ಮೊದಲ ಮಹಿಳೆಯಾದರು. ಆ ಎರಡನೆಯ ವರ್ಷವೂ ಮೊದಲಿನಂತೆಯೇ ಕಳೆದಿದ್ದರೆ?

ಎಲ್ಲ ಹುಡುಗಿಯರೂ ಗಣಿತವನ್ನೇ ಓದಲಿ ಎಂದು ನಾನು ಹೇಳುವವನಲ್ಲ. ರುಚಿಯಿಲ್ಲದೆ ಬಿಡುವುದು ಬೇರೆ, ಬಾರದೆಂದು ನಂಬಿ ಬಿಡುವುದು ಬೇರೆ. ಭಾಸ್ಕರಾಚಾರ್ಯರು 1150ರ ಸುಮಾರಿಗೆ ರಚಿಸಿದ ‘ಲೀಲಾವತಿ’ಯಲ್ಲಿ ಹಲವು ಲೆಕ್ಕಗಳನ್ನು ಒಬ್ಬ ಬಾಲೆಯನ್ನು ಸಂಬೋಧಿಸಿಯೇ ಕೇಳಿದ್ದಾರೆ. ಆಕೆ ಅವರ ಮಗಳೆಂಬುದು ಐತಿಹ್ಯ. ಯಾರೇ ಇರಲಿ, ಆಕೆ ಉತ್ತರ ಹೇಳಬಲ್ಲಳೆಂಬ ನಂಬಿಕೆಯಿಂದಲೇ ಆಚಾರ್ಯರು ಪ್ರಶ್ನೆಯನ್ನು ಇಟ್ಟಂತೆ ತೋರುತ್ತದೆ. ನಮ್ಮ ಮನೆಗಳ ಊಟದ ಹೊತ್ತಿನಲ್ಲಿ ಲೆಕ್ಕದ ಮಾತು ಬಂದಾಗ, ಪ್ರಶ್ನೆಯನ್ನು ಮಗನ ಕಡೆಗಷ್ಟೇ ತಿರುಗಿಸದೆ ಮಗಳ ಕಡೆಗೂ ತಿರುಗಿಸಿ, ಆಕೆ ಉತ್ತರ ಹೇಳುವವರೆಗೆ ತಾಳ್ಮೆಯಿಂದ ಕಾಯುವುದು ದೊಡ್ಡ ಸುಧಾರಣೆಯೇನೂ ಅಲ್ಲ. ಅದಕ್ಕೆ ಸರಕಾರದ ಆಜ್ಞೆಯೂ ಬೇಕಿಲ್ಲ.