ಗುಳ್ಳಕಾಯಜ್ಜಿ ಯಾರ ಅಜ್ಜಿ?

ಹಾಸನ ಜಿಲ್ಲೆಯ ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿ ಎರಡು ಬಂಡೆಗಲ್ಲಿನ ಬೆಟ್ಟಗಳು ಎದುರುಬದುರಾಗಿ ನಿಂತಿವೆ. ದಕ್ಷಿಣದ ದೊಡ್ಡ ಬೆಟ್ಟ ವಿಂಧ್ಯಗಿರಿ. ಉತ್ತರದ ಚಿಕ್ಕ ಬೆಟ್ಟ ಚಂದ್ರಗಿರಿ. ಇವೆರಡರ ನಡುವೆ ಒಂದು ಕೊಳ. ಆ ಬಿಳಿಯ ಕೊಳದಿಂದಲೇ ಊರಿಗೆ ಬೆಳಗೊಳವೆಂಬ ಹೆಸರು ಬಂದಿತೆನ್ನುತ್ತಾರೆ. ಶ್ರವಣರು, ಎಂದರೆ ಜೈನ ಮುನಿಗಳು, ನೆಲಸಿದ್ದರಿಂದ ಅದು ಶ್ರವಣಬೆಳಗೊಳವಾಯಿತು. ಭಕ್ತನು ಇಲ್ಲಿಗೆ ಬಂದು ಭಗವಂತನನ್ನು ಕಾಣುತ್ತಾನೆ. ಇತಿಹಾಸಕಾರನು ಐನೂರಕ್ಕೂ ಹೆಚ್ಚಿನ ಶಾಸನಗಳನ್ನು ಕಾಣುತ್ತಾನೆ. ಕಲಾವಿದನು ಕಲ್ಲಿನಲ್ಲಿ ಅರಳಿದ ಮುಗುಳ್ನಗೆಯನ್ನು ಕಾಣುತ್ತಾನೆ. ಆದರೆ ಮೂವರು ಮಕ್ಕಳನ್ನು ಕಟ್ಟಿಕೊಂಡು ಬರುವ ಅತ್ತೆಯೊಬ್ಬರು ಏನನ್ನು ಕಾಣುತ್ತಾರೆಂಬುದನ್ನು ಯಾವ ಪ್ರವಾಸಿ ಕೈಪಿಡಿಯೂ ಇದುವರೆಗೆ ಬರೆದಿಲ್ಲ.

ಈ ಅತ್ತೆಗೆ ಐವತ್ತಾರು ವರ್ಷ. ಬೆಂಗಳೂರಿನ ಶಾಲೆಯೊಂದರಲ್ಲಿ ಗಣಿತದ ಉಪಾಧ್ಯಾಯಿನಿ. ಮದುವೆಯಾಗಿಲ್ಲ, ಆ ಪ್ರಸ್ತಾಪವನ್ನು ಮನೆಯವರು ಕೈಬಿಟ್ಟು ಎಷ್ಟೋ ವರ್ಷಗಳಾಗಿವೆ. ತಮ್ಮನ ಮಕ್ಕಳಿಬ್ಬರು, ಒಂಬತ್ತು ವರ್ಷದ ಹುಡುಗ ಮತ್ತು ಆರು ವರ್ಷದ ಪುಟ್ಟಿ, ಇವರನ್ನು ಅತ್ತೆ ಎಂದು ಕರೆಯುತ್ತಾರೆ. ತಂಗಿಯ ಮಗಳು, ಹನ್ನೆರಡು ವರ್ಷದ ಗಂಭೀರೆ, ದೊಡ್ಡಮ್ಮ ಎಂದು ಕರೆಯುತ್ತಾಳೆ. ಯಾವ ಸಂಬೋಧನೆ ಸರಿಯೆಂಬುದರ ಬಗ್ಗೆ ಮಕ್ಕಳಲ್ಲಿ ಹಳೆಯ ವ್ಯಾಜ್ಯವೊಂದಿದೆ. ರಜೆಯ ಒಂದು ದಿನ ಈ ಮೂವರನ್ನೂ ಶ್ರವಣಬೆಳಗೊಳಕ್ಕೆ ಕರೆದೊಯ್ಯುವುದಾಗಿ ಅತ್ತೆ ಮಾತುಕೊಟ್ಟಾಗ ಮಕ್ಕಳ ತಾಯಂದಿರು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರಂತೆ.

ರೈಲಿನಲ್ಲಿ ದೃಷ್ಟಿಯುದ್ಧ

ಬೆಂಗಳೂರಿನಿಂದ ಶ್ರವಣಬೆಳಗೊಳಕ್ಕೆ ಸುಮಾರು 145 ಕಿಲೋಮೀಟರು. ಬಹುಕಾಲ ಬಸ್ಸೊಂದೇ ಗತಿಯಾಗಿತ್ತು. ಕುಣಿಗಲ್ ಮಾರ್ಗವಾಗಿ ಹಾಸನಕ್ಕೆ ಹೋಗುವ ರೈಲುದಾರಿ 2017ರಲ್ಲಿ ಪೂರ್ಣಗೊಂಡ ಮೇಲೆ ಗೊಮ್ಮಟನ ಊರಿಗೆ ರಾಜಧಾನಿಯಿಂದ ನೇರವಾಗಿ ರೈಲಿನಲ್ಲಿ ಬರಬಹುದಾಗಿದೆ. ರೈಲಿನಲ್ಲಿ ಅನುಕೂಲಗಳು ಹಲವು. ಆದರೆ ಮೂವರು ಮಕ್ಕಳಿಗೆ ಕಿಟಕಿಯ ಪಕ್ಕದ ಸ್ಥಳ ಒಂದೇ.

ಯಶವಂತಪುರ ದಾಟುವ ಮೊದಲೇ ಜಗಳ ಆರಂಭವಾಯಿತು. ಅತ್ತೆ ಸಮಯೋಚಿತವಾಗಿ ಒಂದು ಕಥೆಯನ್ನು ತೆಗೆದರು. ಆದಿನಾಥನಿಗೆ ಭರತ, ಬಾಹುಬಲಿ ಎಂಬ ಮಕ್ಕಳಿದ್ದರು. ರಾಜ್ಯಕ್ಕಾಗಿ ಅಣ್ಣತಮ್ಮಂದಿರ ನಡುವೆ ವೈಷಮ್ಯ ಹುಟ್ಟಿತು. ಸೈನಿಕರ ರಕ್ತವೇಕೆ ಹರಿಯಬೇಕೆಂದು ಮಂತ್ರಿಗಳು ಇಬ್ಬರೇ ಹೋರಾಡುವಂತೆ ಮಾಡಿದರು. ಮೊದಲನೆಯದು ದೃಷ್ಟಿಯುದ್ಧ, ಎರಡನೆಯದು ಜಲಯುದ್ಧ, ಮೂರನೆಯದು ಮಲ್ಲಯುದ್ಧ.

“ದೃಷ್ಟಿಯುದ್ಧ ಎಂದರೆ?” ಎಂದ ಹುಡುಗ.

“ರೆಪ್ಪೆ ಮಿಟುಕಿಸದೆ ಒಬ್ಬರನ್ನೊಬ್ಬರು ನೋಡುವುದು. ಮೊದಲು ಮಿಟುಕಿಸಿದವರು ಸೋತಂತೆ.”

ಕಥೆ ಅಲ್ಲಿಗೇ ನಿಂತಿತು. ಮಕ್ಕಳು ಆಗಲೇ ಕಣ್ಣರಳಿಸಿ ಕುಳಿತಾಗಿತ್ತು. ಹುಡುಗ ಗೆದ್ದ; ಜಯಘೋಷದೊಡನೆ ಕಿಟಕಿಯ ಬಳಿಗೆ ನುಗ್ಗಿದ. ಆಗ ಅತ್ತೆ ಕಥೆಯ ಉತ್ತರಾರ್ಧವನ್ನು ಹೇಳಿದರು. ಮೂರರಲ್ಲಿಯೂ ಗೆದ್ದವನು ಬಾಹುಬಲಿ. ಅಣ್ಣನನ್ನು ಎರಡು ಕೈಗಳಲ್ಲಿ ಮೇಲೆತ್ತಿದವನು, ಇಷ್ಟಕ್ಕಾಗಿ ಇಷ್ಟೆಲ್ಲವೇ ಎಂದು ನಾಚಿ, ಅವನನ್ನು ಮೆಲ್ಲನೆ ಕೆಳಗಿಳಿಸಿ, ಗೆದ್ದ ರಾಜ್ಯವನ್ನೆಲ್ಲ ಅವನಿಗೇ ಬಿಟ್ಟುಕೊಟ್ಟು ತಪಸ್ಸಿಗೆ ನಡೆದ.

ಹುಡುಗ ಬಹಳ ಹೊತ್ತು ಯೋಚಿಸಿದ. ಧರ್ಮಸಂಕಟವೆಂದರೆ ಇದೇ. ಕೊನೆಗೆ ಎದ್ದು ಸ್ಥಳ ಬಿಟ್ಟುಕೊಟ್ಟ. ಆದರೆ ಗೆದ್ದವರು ಬಿಡಬೇಕು, ಸೋತವರು ಕೂರಬೇಕು ಎಂಬ ನಿಯಮ ಜಾರಿಗೆ ಬಂದ ಕೂಡಲೇ ಮುಂದಿನ ದೃಷ್ಟಿಯುದ್ಧದಲ್ಲಿ ಮೂವರೂ ಒಟ್ಟಿಗೆ ಕಣ್ಣು ಮಿಟುಕಿಸತೊಡಗಿದರು. ಎದುರಿಗೆ ಕುಳಿತಿದ್ದ ವೃದ್ಧ ದಂಪತಿಗಳು ಮಕ್ಕಳ ಕಣ್ಣಿಗೆ ಏನಾದರೂ ರೋಗವೇ ಎಂದು ಕನಿಕರದಿಂದ ವಿಚಾರಿಸಿದರು.

ಮೆಟ್ಟಿಲುಗಳ ಲೆಕ್ಕ

ವಿಂಧ್ಯಗಿರಿಯು ಬುಡದ ನೆಲದಿಂದ ಸುಮಾರು 470 ಅಡಿ ಎತ್ತರ. ಬಂಡೆಯಲ್ಲಿಯೇ ಕಡಿದ ಮೆಟ್ಟಿಲುಗಳು ಆರುನೂರಕ್ಕೂ ಮೇಲೆ. ಪಾದರಕ್ಷೆಗಳನ್ನು ಕೆಳಗೇ ಬಿಟ್ಟು ಬರಿಗಾಲಲ್ಲಿ ಹತ್ತಬೇಕು. ಬಿಸಿಲೇರಿದರೆ ಕಲ್ಲು ಕಾವಲಿಯಂತೆ ಕಾಯುವುದರಿಂದ ಬಲ್ಲವರು ಬೆಳಗಿನಲ್ಲೇ ಹತ್ತುತ್ತಾರೆ. ಕೆಲವರು ಕಾಲುಚೀಲ ಧರಿಸುತ್ತಾರೆ. ಹತ್ತಲಾರದವರನ್ನು ಹೊತ್ತೊಯ್ಯಲು ಡೋಲಿಗಳಿವೆ.

ಬುಡದಲ್ಲಿ ಡೋಲಿಯವನೊಬ್ಬ ಅತ್ತೆಯನ್ನು ಅಡಿಯಿಂದ ಮುಡಿಯವರೆಗೆ ಅಳೆದು ನೋಡಿ, ಅತ್ಯಂತ ವಿನಯದಿಂದ, “ಡೋಲಿ ಬೇಕೇ ಅಜ್ಜಿ?” ಎಂದ.

ಮಕ್ಕಳು ಉಸಿರು ಬಿಗಿಹಿಡಿದರು. ಮಂಡಿನೋವಿಗೆ ಎಣ್ಣೆಯ ಸೀಸೆಯನ್ನೂ ಚೀಲದಲ್ಲಿಟ್ಟುಕೊಂಡು ಬಂದಿದ್ದ ಅತ್ತೆ, ಡೋಲಿಯ ಬಾಡಿಗೆಯನ್ನು ಅದುವರೆಗೆ ಮನಸ್ಸಿನಲ್ಲಿ ಲೆಕ್ಕ ಹಾಕುತ್ತಿದ್ದರೆಂಬುದು ಮಾತ್ರ ನಿಜ. ಈಗ ಅವರು ಒಂದು ಮಾತನ್ನೂ ಆಡದೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟರು. ಆ ಒಂದು ಸಂಬೋಧನೆಯ ಬಲದಿಂದಲೇ ಅವರು ಮೊದಲ ಇನ್ನೂರು ಮೆಟ್ಟಿಲುಗಳನ್ನು ಎಲ್ಲಿಯೂ ನಿಲ್ಲದೆ ಏರಿದರು.

ಮೆಟ್ಟಿಲುಗಳನ್ನು ಎಣಿಸುವ ಕೆಲಸವನ್ನು ಮಕ್ಕಳು ವಹಿಸಿಕೊಂಡರು. ದೊಡ್ಡ ಹುಡುಗಿ ಮನಸ್ಸಿನಲ್ಲೇ ಎಣಿಸಿದಳು. ಹುಡುಗ ಕೂಗಿ ಎಣಿಸಿದ. ಪುಟ್ಟಿಗೆ ನೂರರವರೆಗೆ ಮಾತ್ರ ಬರುತ್ತಿದ್ದುದರಿಂದ ಪ್ರತಿ ನೂರಕ್ಕೂ ಒಂದೊಂದು ಕಡಲೆಬೀಜವನ್ನು ಕೈಯಲ್ಲಿಟ್ಟುಕೊಂಡು ಮತ್ತೆ ಒಂದರಿಂದ ಆರಂಭಿಸುತ್ತಿದ್ದಳು. ವ್ಯವಸ್ಥೆ ಶಾಸ್ತ್ರೀಯವಾಗಿಯೇ ಇತ್ತು. ಆದರೆ ನಡುವೆ ಹಸಿವಾಗಿ ಮುನ್ನೂರು ಮೆಟ್ಟಿಲುಗಳನ್ನು ತಿಂದುಬಿಟ್ಟಳು.

ಅರ್ಧದಾರಿಯಲ್ಲಿ ನೀರು ಮುಗಿಯಿತು. ಹುಡುಗ ತನ್ನ ಸೀಸೆಯ ನೀರನ್ನು ಸುಡುವ ಕಾಲಿಗೆ ಸುರಿದುಕೊಂಡಿದ್ದ. ಉಳಿದದ್ದು ಅತ್ತೆಯ ಚೀಲದಲ್ಲಿದ್ದ ಅಂಗೈಯುದ್ದದ ಮಜ್ಜಿಗೆಯ ಸೀಸೆ. ಮೂವರಿಗೂ ಒಂದೊಂದು ಗುಟುಕು. ಐವತ್ತು ಮೆಟ್ಟಿಲು ಕಳೆದ ಮೇಲೆ ಮತ್ತೊಂದೊಂದು ಗುಟುಕು. “ಇನ್ನೂ ಇದೆಯೇ?” ಎಂದು ಪುಟ್ಟಿ ಪ್ರತಿ ಸಲವೂ ಬೆರಗಿನಿಂದ ಕೇಳುತ್ತಿದ್ದಳು. “ಇದೆ” ಎನ್ನುತ್ತಿದ್ದರು ಅತ್ತೆ.

ಅಖಂಡ ಬಾಗಿಲನ್ನು ದಾಟುವಾಗ, ಒಂದೇ ಬಂಡೆಯಲ್ಲಿ ಕೊರೆದ ಆ ದ್ವಾರದ ಮೇಲಿನ ಗಜಲಕ್ಷ್ಮಿಯನ್ನು ನೋಡಿ ಆನೆಗಳು ಲಕ್ಷ್ಮಿಗೆ ಸ್ನಾನ ಮಾಡಿಸಿದರೆ ಆನೆಗಳಿಗೆ ಯಾರು ಮಾಡಿಸುತ್ತಾರೆ ಎಂಬ ಪ್ರಶ್ನೆ ಬಂತು. ತ್ಯಾಗದ ಕಂಬದ ಬಳಿ ಇನ್ನೊಂದು ಪ್ರಯೋಗ ನಡೆಯಿತು. ಸೊಗಸಾದ ಬಳ್ಳಿಯ ಕೆತ್ತನೆಯ ಈ ಕಂಬದ ಬುಡದಡಿಯಲ್ಲಿ ಹಿಂದೆ ಕರವಸ್ತ್ರವನ್ನು ತೂರಿಸಬಹುದಾಗಿತ್ತೆಂದು ಪ್ರತೀತಿ. ಹುಡುಗ ಅತ್ತೆಯ ಕರವಸ್ತ್ರವನ್ನು ಪಡೆದು ಪ್ರಯತ್ನಿಸಿದ. ಕರವಸ್ತ್ರ ತೂರಲಿಲ್ಲ, ಕೊಳೆಯಾಗಿ ಮಾತ್ರ ಹಿಂದಿರುಗಿತು.

ಮೂರ್ತಿಯ ಮುಂದೆ

ಗಂಗರ ಅರಸು ರಾಚಮಲ್ಲನ ಮಂತ್ರಿಯೂ ಸೇನಾನಿಯೂ ಆಗಿದ್ದ ಚಾವುಂಡರಾಯನು ಸುಮಾರು 981ರಲ್ಲಿ ನಿಲ್ಲಿಸಿದ ಈ ಮೂರ್ತಿ 58 ಅಡಿ ಎತ್ತರದ ಏಕಶಿಲೆ. ಬೆಟ್ಟದ ತುದಿಯ ಬಂಡೆಯನ್ನೇ ಬಿಡಿಸಿ ಕಡೆದದ್ದು. ಸುತ್ತಲಿನ ಪ್ರಾಕಾರವನ್ನು ಹನ್ನೆರಡನೆಯ ಶತಮಾನದಲ್ಲಿ ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನು ಕಟ್ಟಿಸಿದ. ಮೂರ್ತಿಯ ಇಕ್ಕೆಲಗಳಲ್ಲಿ ಹುತ್ತಗಳು, ಹುತ್ತದಿಂದ ಇಣುಕುವ ಹಾವುಗಳು. ತೊಡೆ ತೋಳುಗಳನ್ನು ಸುತ್ತಿ ಏರಿದ ಮಾಧವೀಲತೆ. ಪಾದಗಳ ಬಳಿ ಕನ್ನಡ, ತಮಿಳು, ಮರಾಠಿ ಮೂರು ಭಾಷೆಗಳಲ್ಲಿ ಮಾಡಿಸಿದವರ ಹೆಸರುಗಳಿವೆ. ಸಾವಿರ ವರ್ಷಗಳ ಗಾಳಿ ಮಳೆಗಳು ಆ ಮುಖದ ಶಾಂತಿಯನ್ನು ಕದಲಿಸಿಲ್ಲ.

ಮಕ್ಕಳು ಅರೆನಿಮಿಷ ಮೂಕರಾದರು. ಬಳಿಕ ಪುಟ್ಟಿಯ ಧ್ವನಿ ಪ್ರಾಕಾರವೆಲ್ಲ ಪ್ರತಿಧ್ವನಿಸುವಂತೆ ಕೇಳಿಸಿತು: “ಅತ್ತೇ, ಇವನ ಬಟ್ಟೆ ಎಲ್ಲಿ?”

ಭಕ್ತರು ತಿರುಗಿ ನೋಡಿದರು. ಗಣಿತದಲ್ಲಿ ಎಂಥ ಪ್ರಶ್ನೆಗೂ ತಡವರಿಸದ ಅತ್ತೆ ತುಸು ತಡವರಿಸಿ, “ಎಲ್ಲವನ್ನೂ ಬಿಟ್ಟುಕೊಟ್ಟನಮ್ಮ” ಎಂದರು.

“ಯಾರಿಗೆ?”

“ಅಣ್ಣನಿಗೆ.”

ಪುಟ್ಟಿ ಮೂರ್ತಿಯನ್ನು ಮತ್ತೊಮ್ಮೆ ಕೆಳಗಿನಿಂದ ಮೇಲಕ್ಕೆ ನೋಡಿ, “ಅಣ್ಣನಿಗೆ ಅಳತೆ ಸರಿಹೋಯಿತೇ?” ಎಂದಳು. ಅರ್ಚಕರೊಬ್ಬರು ಬಾಯಿಗೆ ಉತ್ತರೀಯ ಅಡ್ಡಹಿಡಿದು ಅತ್ತ ತಿರುಗಿಕೊಂಡರು.

ಮೂರ್ತಿಗೆ ಎದುರಾಗಿ, ದ್ವಾರದ ಹೊರಗಡೆ, ಕೈಯಲ್ಲಿ ಸಣ್ಣ ಕಾಯಿ ಹಿಡಿದ ಸ್ತ್ರೀಮೂರ್ತಿಯೊಂದಿದೆ. ಅದೇ ಗುಳ್ಳಕಾಯಜ್ಜಿ. ಚಾವುಂಡರಾಯನು ಮೊದಲ ಮಸ್ತಕಾಭಿಷೇಕಕ್ಕೆ ಕೊಡಕೊಡ ಹಾಲು ತರಿಸಿದನಂತೆ. ಎಷ್ಟು ಸುರಿದರೂ ಹಾಲು ಮೂರ್ತಿಯ ತೊಡೆಯಿಂದ ಕೆಳಗಿಳಿಯಲಿಲ್ಲ. ಆಗ ಬಡ ಮುದುಕಿಯೊಬ್ಬಳು ಟೊಳ್ಳು ಮಾಡಿದ ಗುಳ್ಳಕಾಯಿಯಲ್ಲಿ ತಂದ ತೊಟ್ಟು ಹಾಲನ್ನು ಎರೆದಳು. ಅದು ಮುಡಿಯಿಂದ ಅಡಿಯವರೆಗೆ ಹರಿದು, ಬೆಟ್ಟವನ್ನೂ ಇಳಿಯಿತು. ರಾಯನ ಗರ್ವ ಕರಗಿತು. ಕೂಷ್ಮಾಂಡಿನಿ ದೇವಿಯೇ ಆ ವೇಷದಲ್ಲಿ ಬಂದಿದ್ದಳೆಂದು ಐತಿಹ್ಯ.

“ಅವಳು ಯಾರ ಅಜ್ಜಿ?” ಎಂದಳು ಪುಟ್ಟಿ.

“ಯಾರ ಅಜ್ಜಿಯೂ ಅಲ್ಲ. ಅವಳಿಗೆ ಮಕ್ಕಳು ಮೊಮ್ಮಕ್ಕಳು ಇದ್ದರೆಂದು ಕಥೆಯಲ್ಲಿ ಎಲ್ಲಿಯೂ ಬರುವುದಿಲ್ಲ.”

“ಮತ್ತೆ ಅಜ್ಜಿ ಎಂದು ಯಾಕೆ ಕರೆಯುತ್ತಾರೆ?”

ಇದಕ್ಕೆ ಅತ್ತೆಯ ಬಳಿ ಉತ್ತರವಿರಲಿಲ್ಲ. ಉತ್ತರ ಕೊಟ್ಟವನು ಹುಡುಗ: “ಡೋಲಿಯವನು ಅತ್ತೆಯನ್ನು ಕರೆಯಲಿಲ್ಲವೇ? ಹಾಗೆ!”

ದೊಡ್ಡ ಹುಡುಗಿ ಅವನ ತಲೆಗೆ ಮೊಟಕಿದಳು. ಆದರೆ ಅವಳ ಕಣ್ಣು ಅತ್ತೆಯ ಕೈಯ ಮಜ್ಜಿಗೆಯ ಸೀಸೆಯ ಮೇಲಿತ್ತು. ಅದು ಅಷ್ಟು ಹೊತ್ತು ಬಾಳಿದ್ದು ಪವಾಡದಿಂದಲ್ಲ; ದೊಡ್ಡಮ್ಮ ತಾವು ಅದರಲ್ಲಿ ಒಂದು ಗುಟುಕನ್ನೂ ಕುಡಿದಿರಲಿಲ್ಲವೆಂಬುದನ್ನು ಅವಳೊಬ್ಬಳೇ ಗಮನಿಸಿದ್ದಳು. ಅವಳು ಆ ಮಾತನ್ನು ಎತ್ತಲಿಲ್ಲ. ಇಳಿಯುವಾಗ ಚೀಲವನ್ನು ಮಾತ್ರ ತಾನೇ ಹೊತ್ತುಕೊಂಡಳು.

ಅಣ್ಣನ ಬೆಟ್ಟ

ಸಂಜೆ ಚಂದ್ರಗಿರಿ. ಯಾತ್ರಿಕರ ಗದ್ದಲವಿಲ್ಲದ ಈ ಚಿಕ್ಕ ಬೆಟ್ಟವೇ ವಯಸ್ಸಿನಲ್ಲಿ ಹಿರಿಯದು. ಉತ್ತರದ ಕ್ಷಾಮಕ್ಕೆ ಹೆದರಿ ಬಂದ ಭದ್ರಬಾಹು ಮುನಿಗಳೂ ಅವರ ಹಿಂದೆ ಬಂದ ಚಂದ್ರಗುಪ್ತ ಮೌರ್ಯನೂ ಇಲ್ಲಿಯೇ ದೇಹ ಬಿಟ್ಟರೆಂದು ಜೈನ ಸಂಪ್ರದಾಯ ಹೇಳುತ್ತದೆ. ಭದ್ರಬಾಹುವಿನ ಗುಹೆ, ಚಂದ್ರಗುಪ್ತ ಬಸದಿ, ಚಾವುಂಡರಾಯ ಬಸದಿ ಇಲ್ಲಿಯೇ ಇವೆ. ಮೊಣಕಾಲಿನ ಕೆಳಗೆ ಇಲ್ಲದಂತಾದ ಮೂರ್ತಿಯೊಂದನ್ನು ಭರತನದೆಂದು ತೋರಿಸುತ್ತಾರೆ.

“ಅಣ್ಣ ಈ ಬೆಟ್ಟದಲ್ಲಿ, ತಮ್ಮ ಆ ಬೆಟ್ಟದಲ್ಲಿ. ಮೊದಲೇ ಹೀಗೆ ಮಾಡಿದ್ದರೆ ಜಗಳವೇ ಇರುತ್ತಿರಲಿಲ್ಲ” ಎಂದು ಹುಡುಗ ತೀರ್ಪಿತ್ತ.

ಬಂಡೆಯ ಮೇಲೆ ಕುಳಿತು ಎಲ್ಲರೂ ಎದುರಿನ ಬೆಟ್ಟವನ್ನು ನೋಡುತ್ತಿದ್ದರು. ಮಸ್ತಕಾಭಿಷೇಕ ಹನ್ನೆರಡು ವರ್ಷಗಳಿಗೊಮ್ಮೆ, ಕಳೆದದ್ದು 2018ರಲ್ಲಿ. ಆ ಲೆಕ್ಕದಲ್ಲಿ ಮುಂದಿನದು 2030ಕ್ಕೆ. ಆಗ ಮತ್ತೆ ಎಲ್ಲರೂ ಬರಬೇಕೆಂದು ನಿಶ್ಚಯವಾಯಿತು. “ಆಗ ನಾನು ಕಾಲೇಜಿನಲ್ಲಿರುತ್ತೇನೆ” ಎಂದಳು ದೊಡ್ಡ ಹುಡುಗಿ, ರಜೆ ಸಿಗುವುದೋ ಇಲ್ಲವೋ ಎಂಬ ಚಿಂತೆಯಿಂದ. ಅತ್ತೆಯೂ ಮನಸ್ಸಿನಲ್ಲೇ ಕೂಡಿದರು. ಕೂಡುವುದು ಅವರ ವೃತ್ತಿ. ಆಗ ಹುಡುಗನಿಗೆ ಮೀಸೆ ಮೂಡುವ ಕಾಲ. ಪುಟ್ಟಿಯೂ ಕೈಹಿಡಿದು ನಡೆಯಲು ನಾಚುವಷ್ಟು ಬೆಳೆದಿರುತ್ತಾಳೆ. ಅತ್ತೆ ಆ ಮೊತ್ತವನ್ನು ಯಾರಿಗೂ ಹೇಳಲಿಲ್ಲ.

ಮಾತು ಮೆಟ್ಟಿಲುಗಳ ಲೆಕ್ಕಕ್ಕೆ ತಿರುಗಿತು. ದೊಡ್ಡವಳ ಎಣಿಕೆ ಒಂದು, ಹುಡುಗನದು ಇನ್ನೊಂದು. ನಡುವೆ ನಲವತ್ತರ ಅಂತರ. ಪುಟ್ಟಿಯ ಕೈಯಲ್ಲಿ ಮೂರು ಕಡಲೆಬೀಜಗಳಿದ್ದುವು. ಗಣಿತದ ಉಪಾಧ್ಯಾಯಿನಿಯೇ ನ್ಯಾಯ ಹೇಳಬೇಕೆಂದಾಯಿತು.

“ನಾನು ಮೆಟ್ಟಿಲುಗಳನ್ನು ಎಣಿಸಲೇ ಇಲ್ಲ” ಎಂದರು ಅತ್ತೆ.

“ದಾರಿಯುದ್ದಕ್ಕೂ ಏನೋ ಎಣಿಸುತ್ತಿದ್ದಿರಲ್ಲ? ನಾನು ಕೇಳಿದೆ!”

“ನಾನು ಎಣಿಸುತ್ತಿದ್ದುದು ಮೂರರವರೆಗೆ ಮಾತ್ರ. ಒಂದು, ಎರಡು, ಮೂರು. ಮತ್ತೆ ಒಂದು, ಎರಡು, ಮೂರು.”

ಹುಡುಗನಿಗೆ ಇದು ಬಹಳ ಸುಲಭದ ಲೆಕ್ಕವೆನಿಸಿತು.

ಹಿಂದಿರುಗುವ ರೈಲಿನಲ್ಲಿ ಜನ ಕಡಿಮೆ. ಕಿಟಕಿಗಾಗಿ ಮತ್ತೊಂದು ದೃಷ್ಟಿಯುದ್ಧ ನಡೆಯಿತು. ಈ ಸಲ ಅತ್ತೆಯನ್ನೂ ಸೇರಿಸಿಕೊಂಡರು. ದಣಿದ ಅತ್ತೆಯ ರೆಪ್ಪೆಗಳು ಕ್ಷಣಮಾತ್ರದಲ್ಲಿ ಮುಚ್ಚಿದವು. ಸೋತವರಿಗೇ ಸ್ಥಳವೆಂಬ ನಿಯಮದಂತೆ ಮೂವರೂ ಅವರನ್ನು ಎಳೆದು ಕಿಟಕಿಯ ಪಕ್ಕದಲ್ಲಿ ಕೂರಿಸಿದರು. ಪುಟ್ಟಿ ಅವರ ತೊಡೆಯ ಮೇಲೆ ತಲೆಯಿಟ್ಟು ಕುಣಿಗಲ್ ಬರುವ ಮುನ್ನವೇ ನಿದ್ರಿಸಿದಳು. ಹೊರಗೆ ಬರಿಯ ಕತ್ತಲೆ, ನೋಡುವಂಥದೇನೂ ಇರಲಿಲ್ಲ. ಆದರೂ ಬೆಂಗಳೂರು ಮುಟ್ಟುವವರೆಗೆ ಅತ್ತೆ ಆ ಸ್ಥಳವನ್ನು ಯಾರಿಗೂ ಬಿಟ್ಟುಕೊಡಲಿಲ್ಲ.